ಚಾವಡಿಯಿಂದ ಇಲಾಖೆಗೆ: ಮೈಸೂರು ಕಮಿಷನ್ ಆಡಳಿತದ ಪುನರ್ವ್ಯವಸ್ಥೆ (1831–1881)

1831ರ ಅಕ್ಟೋಬರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಮೈಸೂರು ಸಂಸ್ಥಾನದ ಆಡಳಿತವು ಬ್ರಿಟಿಷ್ ಕಮಿಷನರುಗಳ ಕೈಸೇರಿತು. 1881ರವರೆಗೆ ಸಾಗಿದ ಈ ಐವತ್ತು ವರ್ಷಗಳನ್ನು ಆಧುನಿಕ ಇಲಾಖೆಗಳ ಜನನಕಾಲವೆಂದು ವರ್ಣಿಸುವುದು ರೂಢಿಯಾಗಿದೆ. ಇಲಾಖೆಗಳ ಹೆಸರುಗಳನ್ನು ಬೆನ್ನುಹತ್ತಿ ನೋಡಿದರೆ ಈ ವರ್ಣನೆ ಅರ್ಧಸತ್ಯವೆಂದು ನಮಗೆ ತೋರುತ್ತದೆ.

ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1673–1704) ಔರಂಗಜೇಬನಲ್ಲಿಗೆ ಕಳುಹಿಸಿದ ರಾಯಭಾರವು ಹಿಂದಿರುಗಿದ ತರುವಾಯ ಆಡಳಿತವನ್ನು ಹದಿನೆಂಟು ಕಚೇರಿಗಳಾಗಿ ವಿಂಗಡಿಸಿದರೆಂದು ವಿಲ್ಕ್ಸ್ ಬರೆದಿದ್ದಾನೆ. ಹದಿನೆಂಟು ಪುರಾಣ, ಹದಿನೆಂಟು ಪರ್ವ, ಮಹಾಕಾವ್ಯದ ಅಷ್ಟಾದಶ ವರ್ಣನೆಗಳನ್ನು ಬಲ್ಲ ನಮಗೆ ಈ ಸಂಖ್ಯೆ ಪೂರ್ಣತೆಯ ಸಂಕೇತವಷ್ಟೇ ಇರಬಹುದೆಂಬ ಸಂದೇಹ ಸಹಜ. ಆದರೆ ಆತ ಕೊಡುವ ಪಟ್ಟಿಯಲ್ಲಿ ಪ್ರತಿಯೊಂದಕ್ಕೂ ನಿರ್ದಿಷ್ಟವಾದ ಕೆಲಸವಿದೆ: ನಿರೂಪದ ಚಾವಡಿ, ಆಯಕಟ್ಟಿನ ಚಾವಡಿ, ಸುಂಕದ ಚಾವಡಿ, ಕಂದಾಚಾರದ ಚಾವಡಿ, ಬೆಣ್ಣೆ ಚಾವಡಿ, ಬೇಹಿನ ಚಾವಡಿ, ದೇವಸ್ಥಾನದ ಚಾವಡಿ, ಕಬ್ಬಿಣದ ಚಾವಡಿ ಇತ್ಯಾದಿ. ಮಾದರಿ ಮೊಗಲರದೆಂದು ಒಪ್ಪಿದರೂ ಹೆಸರುಗಳು ಬಹುಮಟ್ಟಿಗೆ ಕನ್ನಡದವು. ಸುಂಕ ತೆರುವವನಿಗೂ ಅರ್ಥವಾಗುವಂಥವು.

ಕಮಿಷನರುಗಳು ಬಂದಾಗ ಅವರ ಮುಂದಿದ್ದುದು ಹೈದರ್, ಟಿಪ್ಪು, ಪೂರ್ಣಯ್ಯನವರ ಕಾಲಗಳಲ್ಲಿ ಮಾರ್ಪಟ್ಟು ಬಂದ ಈ ವ್ಯವಸ್ಥೆಯೇ. 1834ರಲ್ಲಿ ಅಧಿಕಾರ ವಹಿಸಿಕೊಂಡ ಮಾರ್ಕ್ ಕಬ್ಬನ್ 1861ರವರೆಗೆ ಅದನ್ನು ಬಹಳ ಎಚ್ಚರದಿಂದ ಮುಟ್ಟಿದನು. ಆರು ಫೌಜುದಾರಿಗಳು ಬೆಂಗಳೂರು, ಚಿತ್ರದುರ್ಗ, ಅಷ್ಟಗ್ರಾಮ, ನಗರ ಎಂಬ ನಾಲ್ಕು ವಿಭಾಗಗಳಾಗಿ, ಯುರೋಪಿಯನ್ ಸೂಪರಿಂಟೆಂಡೆಂಟರ ಅಧೀನಕ್ಕೆ ಬಂದವು. ತಾಲ್ಲೂಕಿನಲ್ಲಿ ಮಾತ್ರ ಅಮಲ್ದಾರ, ಶೇಖದಾರರು ಹಾಗೆಯೇ ಉಳಿದರು. ಕಂದಾಚಾರ, ಅಂಚೆ, ಮರಾಮತ್ ಇಲಾಖೆಗಳೂ ಹಳೆಯ ಹೆಸರಿನಲ್ಲೇ ನಡೆದವು.

ನಿರ್ಣಾಯಕವಾದ ತಿರುವು 1856ರಿಂದ ಆರಂಭವಾಗುತ್ತದೆ. ಆ ವರ್ಷ ಜುಡಿಷಿಯಲ್ ಕಮಿಷನರನ ನೇಮಕವಾಯಿತು. ಮರಾಮತ್ತಿನ ಸ್ಥಾನಕ್ಕೆ ಲೋಕೋಪಯೋಗಿ ಇಲಾಖೆ ಬಂದಿತು. 1857ರಲ್ಲಿ ವಿದ್ಯಾ ಇಲಾಖೆ, 1864ರಲ್ಲಿ ಅರಣ್ಯ ಇಲಾಖೆ ರೂಪುಗೊಂಡವು. ಕಬ್ಬನ್ನನ ತರುವಾಯ ಬಂದ ಬೌರಿಂಗ್ ಸಂಸ್ಥಾನವನ್ನು ನಂದಿದುರ್ಗ, ಅಷ್ಟಗ್ರಾಮ, ನಗರ ಎಂಬ ಮೂರು ವಿಭಾಗಗಳಾಗಿಯೂ ಎಂಟು ಜಿಲ್ಲೆಗಳಾಗಿಯೂ ವಿಂಗಡಿಸಿ, ಜಿಲ್ಲೆಗೊಬ್ಬ ಡೆಪ್ಯುಟಿ ಕಮಿಷನರನನ್ನು ನೇಮಿಸಿದನು.

ಇಲ್ಲೊಂದು ವಿನ್ಯಾಸವನ್ನು ಗುರುತಿಸಬಹುದು. ಇಂಜಿನಿಯರ್, ಅರಣ್ಯಾಧಿಕಾರಿಯಂಥ ಹೊರಗಿನ ತಜ್ಞರನ್ನು ನೆಚ್ಚಿದ ಕಡೆ ಇಲಾಖೆಯ ಹೆಸರೂ ಹೊಸದಾಯಿತು. ಕಂದಾಯ, ಅಂಚೆ, ದನಕರುಗಳ ಪಾಲನೆ ಮುಂತಾಗಿ ಸ್ಥಳೀಯರ ತಿಳಿವಳಿಕೆಯಿಲ್ಲದೆ ಕೆಲಸ ಸಾಗದ ಕಡೆ ಹಳೆಯ ಹೆಸರು ಉಳಿಯಿತು. ಅಂಥ ತಿಳಿವಳಿಕೆಯನ್ನು ಕಡೆಗಣಿಸಿದರೆ ಆಗುವ ನಷ್ಟಕ್ಕೆ ಬೆಣ್ಣೆ ಚಾವಡಿಯ ಚರಿತ್ರೆಯೇ ಸಾಕ್ಷಿ. ಟಿಪ್ಪುವಿನ ಕಾಲದಲ್ಲಿ ಅದು ಅಮೃತಮಹಲ್ ಎನಿಸಿಕೊಂಡು, ಸೈನ್ಯದ ಸಾಗಾಣಿಕೆಗೆ ಎತ್ತುಗಳನ್ನು ಒದಗಿಸುತ್ತಿತ್ತು. ಬ್ರಿಟಿಷ್ ಸೈನ್ಯವೂ ಅದೇ ತಳಿಯನ್ನು ಅವಲಂಬಿಸಿತು. 1860ರಲ್ಲಿ ಮದರಾಸು ಸರ್ಕಾರವು ಮಿತವ್ಯಯದ ಹೆಸರಿನಲ್ಲಿ ಹಿಂಡುಗಳನ್ನು ಮಾರಿತು. 1866ರಲ್ಲಿ ಅದೇ ಇಲಾಖೆಯನ್ನು ಮರಳಿ ಕಟ್ಟಬೇಕಾಯಿತು.

ಹೆಸರು ಉಳಿದೂ ಒಳಗಿನ ಅರ್ಥ ಬದಲಾದುದಕ್ಕೆ ಅಂಚೆ ನಿದರ್ಶನ. ಬೇಹಿನ ಚಾವಡಿಯು ಓಲೆಗಳನ್ನು ಒಯ್ಯುವುದರ ಜೊತೆಗೆ ರಹಸ್ಯ ವರ್ತಮಾನವನ್ನೂ ತರುತ್ತಿತ್ತು. ಕಾಲಕ್ರಮದಲ್ಲಿ ಬೇಹಿನ ಅಂಶ ಕಳಚಿ, ಕಾಗದಪತ್ರಗಳ ರವಾನೆಯಷ್ಟೇ ಉಳಿಯಿತು. 1889ರಲ್ಲಿ ಮೈಸೂರಿನ ಅಂಚೆಯು ಬ್ರಿಟಿಷ್ ಇಂಡಿಯಾದ ಅಂಚೆ ಇಲಾಖೆಯಲ್ಲಿ ವಿಲೀನವಾಯಿತು. ಇಲಾಖೆ ಅಳಿದರೂ ಪದ ಅಳಿಯಲಿಲ್ಲ. ಕನ್ನಡದಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ಇನ್ನು 1868ರಲ್ಲಿ ಬೆಂಗಳೂರಿನಲ್ಲಿ ಪೂರ್ಣಗೊಂಡ ಕಮಿಷನ್ನಿನ ಕಟ್ಟಡಕ್ಕೆ, ಇಂದಿನ ಉಚ್ಚ ನ್ಯಾಯಾಲಯಕ್ಕೆ, ‘ಅಠಾರಾ ಕಚೇರಿ’ ಎಂಬ ಹೆಸರೇ ನಿಂತಿತು. ಚಿಕ್ಕದೇವರಾಜರ ಹದಿನೆಂಟರ ಎಣಿಕೆ ಹೀಗೆ ಇಂಗ್ಲಿಷರ ಸೌಧದವರೆಗೂ ಬಂದಿತು.

ಹೊರನಾಡಿನ ಸಂಶೋಧಕರಿಗೆ ಇದರಿಂದ ಒಂದು ಪ್ರಯೋಜನವುಂಟು. ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಾಗಲಿ ಚೆನ್ನೈಯ ಸಂಗ್ರಹಗಳಲ್ಲಾಗಲಿ ದೊರೆಯುವ ಕಮಿಷನ್ ಕಾಲದ ಇಂಗ್ಲಿಷ್ ಕಡತಗಳನ್ನಷ್ಟೇ ಓದಿದರೆ, ಇಲಾಖೆಗಳು ಶೂನ್ಯದಿಂದ ಸೃಷ್ಟಿಯಾದಂತೆ ತೋರುತ್ತವೆ. ಕಂದಾಚಾರವನ್ನು ‘ಪೊಲೀಸ್’ ಎಂದೋ ಅಂಚೆಯನ್ನು ‘ಪೋಸ್ಟ್’ ಎಂದೋ ಅನುವಾದಿಸಿ ಮುಂದೆ ಸಾಗುವ ಮೊದಲು ಆ ಪದದ ಹಿಂದಿರುವ ಚಾವಡಿಯನ್ನು ಹುಡುಕಬೇಕು. ಈ ಕೆಲಸಕ್ಕೆ ಪತ್ರಾಗಾರದ ಪರಿಚಯದಷ್ಟೇ ಹಳಗನ್ನಡ, ನಡುಗನ್ನಡಗಳ ಪರಿಚಯವೂ ಅಗತ್ಯವೆಂಬುದು ನಮ್ಮ ಅಭಿಪ್ರಾಯ.