ಕೊಡಸಿಗೆಯ ಕಹಿ

ಕಳೆದ ಮಳೆಗಾಲದಲ್ಲಿ ಊರಿನಿಂದ ಬಂದಿದ್ದ ನಮ್ಮ ತಾಯಿಯವರಿಗೆ ಹೊಟ್ಟೆ ಕೆಟ್ಟಿತು. ಅವರು ಕೇಳಿದರೆಂದು ಮುಂಬಯಿಯ ಅಂಗಡಿಯೊಂದರಿಂದ ನಾವು ಕೊಡಸಿಗೆ ತೊಗಟೆ ತಂದೆವು. ಚೂರೊಂದನ್ನು ಅಗಿದವರೇ, "ಇದು ಕೊಡಸಿಗೆಯಲ್ಲ ಕಣೋ, ಕಹಿಯೇ ಇಲ್ಲವಲ್ಲ!" ಎಂದು ಪಕ್ಕಕ್ಕಿಟ್ಟರು. ಹಿಂದೊಮ್ಮೆ ಇಂಥದೇ ಅದಲುಬದಲು ಈ ಮದ್ದಿನ ಹೆಸರನ್ನೇ ಕೆಡಿಸಿತ್ತೆಂಬುದು ಆಮೇಲೆ ಪುಸ್ತಕ ತೆರೆದಾಗ ನಮಗೆ ತಿಳಿಯಿತು.

ಮಲೆನಾಡಿನವರಿಗೆ ಕೊಡಸಿಗೆ ಹೂವಿನ ತಂಬುಳಿ ಹೊಸದಲ್ಲ. ಸಂಸ್ಕೃತದಲ್ಲಿ ಇದು ಕುಟಜ. ಕೊಡಚಾದ್ರಿಗೆ ಆ ಹೆಸರು ಬಂದದ್ದು ಈ ಗಿಡದಿಂದಲೇ ಎನ್ನುತ್ತಾರೆ. ಅತಿಸಾರಕ್ಕೆ ಇದರ ತೊಗಟೆ, ಬೀಜಗಳ ಬಳಕೆ ಚರಕಸಂಹಿತೆಯಷ್ಟು ಹಳೆಯದು. ಗೋವೆಯಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ, 1563ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಭೇದಿಗೆ ಮಲಬಾರಿನವರು ಕೊಡುತ್ತಿದ್ದ ಮೂಲಿಕೆಯೊಂದನ್ನು ಹೊಗಳಿದ್ದಾನೆ. ಅದು ಕೊಡಸಿಗೆಯೇ ಎಂದು ಹಲವು ವಿದ್ವಾಂಸರ ಅಭಿಪ್ರಾಯ.

ಮುಂದೆ 'ಕೊನೆಸ್ಸಿ ತೊಗಟೆ', 'ತಲಚೇರಿ ತೊಗಟೆ' ಎಂಬ ಹೆಸರುಗಳಿಂದ ಅದು ಯುರೋಪನ್ನೂ ಮುಟ್ಟಿತು. ಆದರೆ ವ್ಯಾಪಾರದಲ್ಲಿ ಬೆಪ್ಪಾಲೆಯ ತೊಗಟೆ ಅದರ ಜಾಗಕ್ಕೆ ಬಂದಿತು. ಎರಡೂ ಒಂದೇ ಕುಟುಂಬದ, ನೋಡಲು ಹತ್ತಿರದ ಗಿಡಗಳು. ಬೆಪ್ಪಾಲೆಯ ಜೋಡಿಕಾಯಿಗಳು ತುದಿಯಲ್ಲಿ ಕೂಡಿರುತ್ತವೆ, ಕೊಡಸಿಗೆಯವು ಬಿಡಿ. ಒಣಗಿದ ತೊಗಟೆಯಲ್ಲಿ ಕಾಯಿ ಎಲ್ಲಿ ಕಾಣಬೇಕು? ಗುಣ ಕಾಣದ ವೈದ್ಯರು ಮದ್ದನ್ನೇ ಕೈಬಿಟ್ಟರು.

ಇದೇ ಮುಂಬಯಿಯಲ್ಲಿ 1858ರಲ್ಲಿ ಡಾ. ಹೇನ್ಸ್ ಎಂಬವರು ಆ ಕಹಿಯ ತಿರುಳಾದ ಕೊನೆಸ್ಸೀನ್ ಎಂಬ ಆಲ್ಕಲಾಯ್ಡನ್ನು ಬೇರ್ಪಡಿಸಿದರು. 1912ರಲ್ಲಿ ಕಲ್ಕತ್ತೆಯ ಲಿಯೊನಾರ್ಡ್ ರಾಜರ್ಸ್ ಅಮೀಬಾ ಭೇದಿಗೆ ಎಮಿಟೀನ್ ಚುಚ್ಚುಮದ್ದು ಬಳಸಿ ಹೆಸರಾದರು. ಅದು ಹೃದಯಕ್ಕೆ ಅಪಾಯಕಾರಿ. ಹಾಗಾಗಿ ಅದೇ ನಗರದ ಉಷ್ಣವಲಯ ವೈದ್ಯಶಾಲೆಯಲ್ಲಿ ಕರ್ನಲ್ ಆರ್. ಎನ್. ಚೋಪ್ರಾ ಮತ್ತೆ ಕೊಡಸಿಗೆಯನ್ನು ಪರೀಕ್ಷೆಗೆ ತಂದರು. ಆದರೆ ಶುದ್ಧ ಕೊನೆಸ್ಸೀನ್ ಕೆಲವು ರೋಗಿಗಳಲ್ಲಿ ನಿದ್ರೆಗೇಡು, ಬುದ್ಧಿಭ್ರಮೆ ತಂದಿತು. 1960ರ ದಶಕದಲ್ಲಿ ಮೆಟ್ರೊನಿಡಜೋಲ್ ಬಂದ ಮೇಲೆ ಅದು ಹಿಂದೆ ಸರಿಯಿತು.

ಹಳೆಯದೆಂದು ತಲೆಯ ಮೇಲೆ ಹೊರುವುದೂ ಬೇಡ, ಹಳ್ಳಿಮದ್ದೆಂದು ಹಳಿಯುವುದೂ ಬೇಡ. ಸರಿಯಾದ ತೊಗಟೆಯೇ ಎಂಬುದು ಮೊದಲ ಪ್ರಶ್ನೆ. ಯಾವ ಭೇದಿಗೆ, ಎಷ್ಟು ಎಂಬುದು ಎರಡನೆಯದು. ಇವೆರಡಕ್ಕೂ ಮುಂಚೆ ನೆನಪಿಡಬೇಕಾದುದೊಂದಿದೆ. ಭೇದಿಯಲ್ಲಿ ಪ್ರಾಣ ಹೋಗುವುದು ಬಹುಮಟ್ಟಿಗೆ ಮೈಯ ನೀರು, ಉಪ್ಪು ಸೋರಿಹೋಗುವುದರಿಂದ. 1971ರಲ್ಲಿ ಬನಗಾಂವದ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಉಪ್ಪು-ಗ್ಲೂಕೋಸಿನ ನೀರು ಕುಡಿಸಿಯೇ ಕಾಲರಾ ರೋಗಿಗಳನ್ನು ಉಳಿಸಿದರು.

ನಮ್ಮ ತಾಯಿಯವರಿಗೂ ಆ ರಾತ್ರಿ ಕುಡಿಸಿದ್ದು ಅದೇ ನೀರು. ಬೆಳಿಗ್ಗೆ ಡಾಕ್ಟರರಲ್ಲಿಗೆ ಕರೆದೊಯ್ದೆವು. ಚೇತರಿಸಿಕೊಂಡ ಮೇಲೆ ಅವರು ಕೇಳಿದ್ದು ಮಾತ್ರ ಊರಿನ ಕೊಡಸಿಗೆ ಹೂವಿನ ತಂಬುಳಿಯನ್ನೇ.