ಹಾವೇರಿ ಸೀಮೆಯ ನ್ಯಾರಿ

ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳಲ್ಲಿ ಬೆಳಗಿನ ಉಪಾಹಾರವನ್ನು ನ್ಯಾರಿ ಅಥವಾ ನಾಷ್ಟಾ ಎನ್ನುತ್ತಾರೆ. ಈ ತಾಲ್ಲೂಕುಗಳು 1997ರಲ್ಲಿ ಧಾರವಾಡದಿಂದ ಬೇರೆಯಾದ ಹಾವೇರಿ ಜಿಲ್ಲೆಗೆ ಸೇರಿವೆ. ಜೋಳದ ರೊಟ್ಟಿ, ಅಕ್ಕಿ ರೊಟ್ಟಿ, ಅವಲಕ್ಕಿ, ಉಪ್ಪಿಟ್ಟು, ಒಗ್ಗರಣೆ ಮಂಡಕ್ಕಿ ಇಲ್ಲಿನ ಮುಖ್ಯ ತಿನಿಸುಗಳು.

ಮೂಲ ಧಾನ್ಯಗಳು

ಮಳೆ ಹೆಚ್ಚಿರುವ ಹಾನಗಲ್ಲ ಭತ್ತದ ನಾಡು. ಸವಣೂರಿನ ಎರೆಹೊಲಗಳು ಜೋಳಕ್ಕೆ ಹೆಸರಾದವು. ಕುದಿನೀರಿನಲ್ಲಿ ಹಿಟ್ಟು ನಾದಿ, ಅಂಗೈಯಲ್ಲಿ ಬಡಿದು, ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ ಬೇಯಿಸುವುದು ಜೋಳದ ರೊಟ್ಟಿಯ ಕ್ರಮ. ಹೊಲಕ್ಕೆ ಹೋಗುವವರು ಹಿಂದಿನ ದಿನದ ರೊಟ್ಟಿಯನ್ನು ಮೊಸರಿನೊಂದಿಗೆ ಉಣ್ಣುವುದೂ ರೂಢಿ. ಶಿಗ್ಗಾಂವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ಭತ್ತ ಮತ್ತು ರಾಗಿಯ ನಡುವೆ ವಾದ ಹೂಡಿ, ಬಡವರ ಧಾನ್ಯಕ್ಕೆ ಗೆಲುವು ಕೊಟ್ಟರು. 

ಮೆಕ್ಸಿಕೋದಿಂದ ಬಂದ ಖಾರ

ಹಾನಗಲ್ಲ ಕದಂಬರ ಒಡೆಯರಾಗಿದ್ದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಇಡ್ಡರಿಕೆ ಎಂಬ ಉದ್ದಿನ ತಿನಿಸಿಗೆ ಕರಿಮೆಣಸು, ಜೀರಿಗೆ, ಇಂಗಿನ ಒಗ್ಗರಣೆಯಿದೆ. ಮೆಣಸಿನಕಾಯಿ ಆಗ ಇಲ್ಲಿರಲಿಲ್ಲ. ಮೆಕ್ಸಿಕೋ ಮೂಲದ ಈ ಬೆಳೆ ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ವಶಪಡಿಸಿಕೊಂಡ ನಂತರ ಕರಾವಳಿಯಿಂದ ಒಳನಾಡಿಗೆ ಹಬ್ಬಿತು. ನೆರೆಯ ಬ್ಯಾಡಗಿಯಲ್ಲಿ ಅದು ನೆರಿಗೆಗಟ್ಟಿದ ಸಿಪ್ಪೆಯ, ಕಡುಗೆಂಪು ಬಣ್ಣದ, ಕಡಿಮೆ ಖಾರದ ತಳಿಯಾಗಿ ನೆಲೆಗೊಂಡಿತು. ಡಬ್ಬಿ, ಕಡ್ಡಿ ಎಂಬವು ಅದರ ಬಗೆಗಳು; 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತು ದೊರೆಯಿತು. ಹಣ್ಣು ಮೆಣಸಿನಕಾಯಿಗೆ ಬೆಳ್ಳುಳ್ಳಿ, ಉಪ್ಪು, ನಿಂಬೆರಸ ಸೇರಿಸಿ ಅರೆದ ರಂಜಕವಿಲ್ಲದೆ ಇಂದು ರೊಟ್ಟಿ ಒಳಗಿಳಿಯದು.

ಹೋಟೆಲ್ ತಿನಿಸು

ಚಹಾದಂಗಡಿಗಳು ಬೆಳೆದಂತೆ ಮಂಡಕ್ಕಿ ನ್ಯಾರಿಯ ಜಾಗಕ್ಕೆ ಬಂತು. ನೆನೆಸಿ ಹಿಂಡಿದ ಮಂಡಕ್ಕಿಗೆ ಒಗ್ಗರಣೆ ಕೊಟ್ಟರೆ ಸೂಸಲ. ಒಣ ಮಂಡಕ್ಕಿಗೆ ಉಳ್ಳಾಗಡ್ಡಿ, ಟೊಮೆಟೊ, ಹುಣಸೆಯ ಗೊಜ್ಜು ಮತ್ತು ಪುಟಾಣಿ ಹಿಟ್ಟು ಕಲಸಿದರೆ ಗಿರ್ಮಿಟ್. ಜೊತೆಗೆ ಬಿಸಿ ಮಿರ್ಚಿ ಭಜಿ. ಸವಣೂರಿನ ಖಾರಾ ಊರಾಚೆಗೂ ಹೆಸರು ಗಳಿಸಿದೆ.

ಗೋವಿನಜೋಳದ ಸ್ಥಾನ

ಮೆಕ್ಸಿಕೋದಲ್ಲಿ ಗೋವಿನಜೋಳ ಮತ್ತು ಮೆಣಸಿನಕಾಯಿ ಒಂದೇ ತಟ್ಟೆಯ ಜೋಡಿ. ಅಲ್ಲಿ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ಅರೆದು ತೋರ್ತಿಯಾ, ತಮಾಲೆ ಮಾಡಿ ಬೆಳಗ್ಗೆ ತಿನ್ನುತ್ತಾರೆ. ಸುಣ್ಣದಿಂದ ಸಿಪ್ಪೆ ಬಿಡುವುದಷ್ಟೇ ಅಲ್ಲ, ಕಾಳಿನಲ್ಲಿ ಅಡಗಿರುವ ನಿಯಾಸಿನ್ ಜೀವಸತ್ವವೂ ದೇಹಕ್ಕೆ ದಕ್ಕುತ್ತದೆ. ಬೆಳೆ ಇಲ್ಲಿಗೆ ಬಂತು, ಈ ಪಾಕಕ್ರಮ ಬರಲಿಲ್ಲ. ಹಾವೇರಿ ಇಂದು ರಾಜ್ಯದ ಪ್ರಮುಖ ಗೋವಿನಜೋಳ ಜಿಲ್ಲೆಗಳಲ್ಲಿ ಒಂದು. ಹಿರೇಕೆರೂರಿನ ಕಡೆ ಹೊಲಗಳೆಲ್ಲ ಅದೇ. ಆದರೆ ಫಸಲಿನ ಬಹುಪಾಲು ಕೋಳಿ ಮತ್ತು ದನಗಳ ಮೇವಿನ ಪೇಟೆಗೆ ಹೋಗುತ್ತದೆ. ಮೆಣಸಿನಕಾಯಿಯನ್ನು ತನ್ನದಾಗಿಸಿಕೊಂಡ ಈ ಸೀಮೆಯ ಅಡುಗೆಮನೆ ರೊಟ್ಟಿಗೆ ಮಾತ್ರ ಇಂದಿಗೂ ಜೋಳ ಮತ್ತು ಅಕ್ಕಿಯನ್ನೇ ನೆಚ್ಚಿದೆ.