ಕೂಡುತ್ತ ಹೋಗುವ ಲೆಕ್ಕ
ವಸಂತ್ ಕುಂಜ್‌ನ ನಮ್ಮ ಮನೆಯ ಹಳೆಯ ವಿದ್ಯುತ್ ಮೀಟರು ತಿಂಗಳ ಖರ್ಚು ತೋರಿಸುತ್ತಿರಲಿಲ್ಲ. ಮೊದಲ ದಿನದಿಂದ ಕೂಡುತ್ತ ಬಂದ ಮೊತ್ತವನ್ನಷ್ಟೇ ತೋರಿಸುತ್ತಿತ್ತು. ಇಂದಿನ ಅಂಕಿಯಿಂದ ಹೋದ ತಿಂಗಳದ್ದನ್ನು ಕಳೆದರೆ ಬಿಲ್ಲು ಸರಿಯೋ ತಪ್ಪೋ ನಾವೇ ಹೇಳಬಹುದಿತ್ತು.

ಉಪಾಯ ಹಳೆಯದು. 499ರ ಸುಮಾರಿನ ‘ಆರ್ಯಭಟೀಯ’ ಜ್ಯಾಗಳನ್ನು, ಅಂದರೆ ಇಂದಿನ ಸೈನ್‌ಗಳನ್ನು, ನೇರವಾಗಿ ಕೊಡುವುದಿಲ್ಲ; 225, 224, 222, 219 ಎಂದು ವ್ಯತ್ಯಾಸಗಳನ್ನು ಕೊಡುತ್ತದೆ. ಕೂಡುತ್ತ ಹೋದರೆ 225, 449, 671, 890: ಕೋಷ್ಟಕ ಸಿದ್ಧ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ, ಶ್ರೇಢಿಯ ಮೊದಲ ಭಾಗ ತೆಗೆದು ಉಳಿದುದರ ಮೊತ್ತ ಕಾಣುವ ಕ್ರಮವನ್ನು ‘ವ್ಯುತ್ಕಲಿತ’ ಎಂದರು. ಮೀಟರಿನ ಕಳೆಯುವ ಲೆಕ್ಕವೂ ಅದೇ ಜಾತಿಯದು.

ಸಿ ಪ್ಲಸ್ ಪ್ಲಸ್ ಭಾಷೆಯ 1998ರ ಮಾನಕದಲ್ಲಿರುವ ‘ಪಾರ್ಶಿಯಲ್ ಸಮ್’ ಮಾಡುವುದು ಆರ್ಯಭಟನ ಕೂಡಿಕೆಯನ್ನೇ. ಅಪಾಯವೂ ಹಳೆಯದೇ: ನಡುವೆ ಒಂದಂಕಿ ತಪ್ಪಿದರೆ ಮುಂದಿನ ಮೊತ್ತಗಳೆಲ್ಲ ತಪ್ಪು.